ಗಿಟಾರಿಗೂ ಎಣ್ಣೆ ಸ್ನಾನ

ಯಾವ ವಸ್ತುವನ್ನಾದರೂ ಯಾರೂ ಮುಟ್ಟದಿದ್ದರೆ ಅದಕ್ಕೆ ಧೂಳು ಹಿಡಿಯುತ್ತದೆ. ನಮ್ಮ ಮನೆಯ ಜನ ಮುಟ್ಟಿದರೆ ಅದಕ್ಕೊಂದು ಕಥೆ ಅಂಟಿಕೊಳ್ಳುತ್ತದೆ. ಮದುವೆಯಾಗಿ ಇಷ್ಟು ವರ್ಷವಾದರೂ ಇದು ತಪ್ಪಿಲ್ಲ.

ನಾನು ಬೆಳೆದದ್ದು ವಿಮಾನಪುರದ ಕ್ವಾರ್ಟರ್ಸಿನಲ್ಲಿ. ಕಾಲೇಜಿನಲ್ಲಿದ್ದಾಗ ಹಲಸೂರಿನ ಮೇಷ್ಟ್ರೊಬ್ಬರ ಹತ್ತಿರ ಗಿಟಾರ್ ಕಲಿತೆ. ತೊಂಬತ್ತರ ದಶಕದ ನಡುವಿನಲ್ಲಿ ಕೆ.ಆರ್. ಪುರದ ಕಡೆಯ ಹಳೇ ಮನೆಯೊಂದಕ್ಕೆ ಸೊಸೆಯಾಗಿ ಬಂದೆ. ಹಿಂದೆ ರಾಗಿ, ತರಕಾರಿ ಬೆಳೆಯುತ್ತಿದ್ದ ಕುಟುಂಬ. ನಾನು ಬರುವ ಹೊತ್ತಿಗೆ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿದ್ದವು. ಸೂಟ್‌ಕೇಸಿನ ಹಿಂದೆಯೇ ಗಿಟಾರೂ ಆಟೋದಿಂದ ಇಳಿದಾಗ ಅತ್ತೆ ಅದನ್ನು ಮೇಲಿಂದ ಕೆಳಗಿನತನಕ ನೋಡಿ ಒಂದೇ ಒಂದು ಷರತ್ತು ಹಾಕಿದರು.

"ಇರಲಿ ಬಿಡಮ್ಮ. ಆದ್ರೆ ನಮ್ಮನೇಲಿ ಸಾಮಾನು ಅಂದ್ರೆ ಚೊಕ್ಕವಾಗಿರ್ಬೇಕು. ಕೊಳೆ ಕಂಡ ದಿನ ಅಟ್ಟಕ್ಕೆ."

ಅಟ್ಟ ಅಂದರೆ ಆ ಮನೆಯಲ್ಲಿ ಜೀವಾವಧಿ ಶಿಕ್ಷೆ. ನಾದಿನಿಯ ಹೊಲಿಗೆ ಮೆಷಿನ್ನು, ಮಾವನ ಹಳೇ ರೇಡಿಯೋ, ಯಾವುದೂ ಹತ್ತಿದ ಮೇಲೆ ಇಳಿದದ್ದಿಲ್ಲ. ನಾನಾದರೋ ಸಂಜೆ ಹೊತ್ತು ಇಂದಿರಾನಗರದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುವವಳು. ಅದು ಅಟ್ಟ ಹತ್ತಿದರೆ ನಾನು ಅಡುಗೆಮನೆಯಲ್ಲೇ ಠಿಕಾಣಿ ಹೂಡಿದ ಹಾಗೆ. ಅದಕ್ಕೇ ದಿನಾ ಬೆಳಿಗ್ಗೆ ಒರೆಸುತ್ತಿದ್ದೆ. ಕಷ್ಟ ಏನಪ್ಪಾ ಅಂದರೆ, ಸೊಸೆಯೊಬ್ಬಳೇ ಒರೆಸಲಿ ಅಂತ ಸುಮ್ಮನಿರುವ ಜನ ಆ ಮನೆಯಲ್ಲಿ ಇರಲಿಲ್ಲ.

ಅಭ್ಯಂಜನ

ಮೊದಲ ದೀಪಾವಳಿ. ಆ ಮನೆಯಲ್ಲಿ ಅವತ್ತು ಮನುಷ್ಯರಿಗೆಲ್ಲ ಎಣ್ಣೆ ಹಚ್ಚಿ ಮುಗಿದ ಮೇಲೆ ಬಾಗಿಲಿನ ಕೀಲು, ಬಾವಿಯ ರಾಟೆ, ಸ್ಕೂಟರಿನ ಚೈನು, ಎಲ್ಲಕ್ಕೂ ಸರದಿ. ನಾನು ತಲೆಗೆ ಟವಲು ಸುತ್ತಿಕೊಂಡು ಬಚ್ಚಲಿನಿಂದ ಬಂದರೆ, ಅತ್ತೆ ಹಾಲಿನಲ್ಲಿ ಕಾಲು ಚಾಚಿ ಕೂತು, ಗಿಟಾರನ್ನು ಬಾಣಂತಿ ಮಗುವಿನ ಹಾಗೆ ಕಾಲ ಮೇಲೆ ಮಲಗಿಸಿಕೊಂಡು ಬೆಚ್ಚಗಿನ ಹರಳೆಣ್ಣೆ ತಿಕ್ಕುತ್ತಿದ್ದಾರೆ!

"ಅಯ್ಯೋ ಅತ್ತೆ, ಏನ್ ಮಾಡ್ತಿದ್ದೀರಾ?"

"ಕತ್ತೆಲ್ಲ ಎಷ್ಟು ಒಣಗಿದೆ ನೋಡಮ್ಮ. ವರ್ಷಕ್ಕೊಂದ್ ಸಲನಾದ್ರೂ ಎಣ್ಣೆ ಕಾಣಿಸ್ಬೇಡ್ವಾ?"

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ತಂತಿಯ ಕೆಳಗಿನ ಆ ಕರೀ ಮರ ಒಣಗಿ ಬಿರುಕು ಬಿಡಬಾರದು ಅಂತ ಆಗಾಗ ಒಂದು ಹನಿ ಎಣ್ಣೆ ಸವರುವುದುಂಟು. ಆದರೆ ಅತ್ತೆಗೆ ಹನಿ ಅನ್ನುವ ಅಳತೆ ಗೊತ್ತಿರಲಿಲ್ಲ, ಬಟ್ಟಲು ಮಾತ್ರ ಗೊತ್ತಿತ್ತು. ಪಕ್ಕದಲ್ಲಿ ಸೀಗೆಪುಡಿ ಕಲಸಿಟ್ಟಿದ್ದು ಕಣ್ಣಿಗೆ ಬಿತ್ತು. ಗಿಟಾರನ್ನು ಕಿತ್ತುಕೊಂಡು ಓಡಿದೆ.

ಹಬ್ಬ ಮುಗಿದ ಮೇಲೆ ಶಿವಾಜಿನಗರದ ಗಲ್ಲಿಯಲ್ಲಿದ್ದ ಗಿಟಾರ್ ರಿಪೇರಿ ಸಾಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಕವರಿನ ಜಿಪ್ಪು ಎಳೆದವರೇ ಮೂಗು ಹಿಂದಕ್ಕೆ ಸೆಳೆದುಕೊಂಡರು. ತಂತಿ ಮುಟ್ಟಿ ಬೆರಳು ನೋಡಿಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ ರಸ್ತೆಯ ಆಚೆಗೆ ಕೈ ತೋರಿಸಿದರು.

"ಅರೆ ಮೇಡಂ, ಕಟಿಂಗ್ ಶಾಪ್ ಎದುರುಗಡೆ ಇದೆ."

ಅಪ್ಪನ ಸರ್ವಿಸಿಂಗು

ನಮ್ಮಪ್ಪ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರಾದವರು. ಬೀಗರ ಮನೆಗೆ ಒಂದು ಭಾನುವಾರ ನಿಪ್ಪಟ್ಟು ಹಿಡಿದುಕೊಂಡು ಬಂದರು. ನಾನು ಶ್ರುತಿ ಮಾಡಲು ಒದ್ದಾಡುತ್ತಿದ್ದೆ. ತಂತಿ ಬಿಗಿಸುವ ಕೀಗಳಲ್ಲಿ ಒಂದು ತಿರುಗಲು ಒಲ್ಲೆ ಅನ್ನುತ್ತಿತ್ತು.

"ಗ್ರೀಸ್ ಯಾವಾಗ ಹಾಕಿದ್ದೆ?" ಅಂದರು ಅಪ್ಪ.

"ಗಿಟಾರಿಗೆ ಯಾರಪ್ಪಾ ಗ್ರೀಸ್ ಹಾಕ್ತಾರೆ?"

"ಅದಕ್ಕೇ ಹೀಗಾಗಿರೋದು."

ಪೇಪರು ಹಾಸಿದರು. ಉಪ್ಪಿಟ್ಟಿನ ತಟ್ಟೆಗಳು ಬಂದವು, ಉಪ್ಪಿಟ್ಟಿಗಲ್ಲ, ಸ್ಕ್ರೂಗಳಿಗೆ. ಮಾವ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತು, "ಸುಮ್ನಿರಮ್ಮ, ಬೀಗರು ವಿಮಾನಾನೇ ಬಿಚ್ಚಿದೋರು" ಅಂತ ನನ್ನನ್ನೇ ಗದರಿದರು. ಅತ್ತೆ ಬಿಳಿ ಮರದ ಮೇಲೆ ಕರೀ ಬೆರಳಿನ ಗುರುತು ಕಂಡು, "ಇದೇನು, ಕೊಳೆನಾ?" ಅಂದಾಗ ನಾನು ಸೆರಗಿನಿಂದ ಒರೆಸಲು ಹೋದೆ.

"ಅಲ್ಲ ಬೀಗಿತ್ತಿಯೋರೆ, ಗ್ರೀಸು," ಅಂದರು ಅಪ್ಪ. ಬೀಗರು ಹಚ್ಚಿದ್ದು ಕೊಳೆ ಆಗುವುದುಂಟೇ? ಅಟ್ಟದ ಮಾತು ಅಲ್ಲಿಗೇ ನಿಂತಿತು.

ಸಂಜೆಯ ಹೊತ್ತಿಗೆ ಕೀಗಳು ಬೆಣ್ಣೆಯ ಹಾಗೆ ತಿರುಗುತ್ತಿದ್ದವು. ಎಲ್ಲರೂ ಸಂತೋಷಪಡುವಷ್ಟರಲ್ಲಿ ನೋಡಿದರೆ, ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿದಿದೆ.

"ಅಪ್ಪಾ, ಇದು ಎಲ್ಲಿಯದು?"

ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಗಿಟಾರನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಕೊನೆಗೆ ನಿಧಾನವಾಗಿ ಷರ್ಟಿನ ಜೇಬಿಗೆ ಹಾಕಿಕೊಂಡರು.

"ಇದು ಹಾರಲ್ಲ ತಾನೆ? ಬಿಡು."

ಹುಳ ಹಿಡಿಯದ ಹಾಗೆ

ಒಂದು ಮಳೆಗಾಲದಲ್ಲಿ ಮನೆಯ ಬಾಗಿಲಿನ ಚೌಕಟ್ಟಿಗೆ ಗೆದ್ದಲು ಬಂತು. ಮಾವ ಕಂಡ ಕಂಡ ಮರವನ್ನೆಲ್ಲ ಬೆರಳಿನಿಂದ ತಟ್ಟುತ್ತಾ ಬಂದವರು ಗಿಟಾರನ್ನೂ ಹಲಸಿನ ಹಣ್ಣಿನ ಹಾಗೆ ತಟ್ಟಿದರು.

"ಟೊಳ್ಳಾಗ್ಬಿಟ್ಟಿದೆಯಲ್ಲಮ್ಮ!"

"ಅದು ಇರೋದೇ ಹಾಗೆ ಮಾವ."

"ನಮ್ ಬಾಗಿಲೂ ಹಾಗೇ ಅನ್ಕೊಂಡಿದ್ವಿ."

ಹುಳ ಬಿತ್ತು ಅಂತ ಅತ್ತೆಗೆ ಗೊತ್ತಾದರೆ ಗಿಟಾರಿನ ಗತಿ ಮುಗಿಯಿತು ಅಂತ ಮಾವನಿಗೂ ಗೊತ್ತು. ಪಾಪ, ನನ್ನ ಮೇಲಿನ ಅಕ್ಕರೆಯಿಂದಲೇ, ಯಾರಿಗೂ ಹೇಳದೆ, ಕಾಳಿನ ಡಬ್ಬಕ್ಕೆ ತುಂಬುವ ಹಾಗೆ ಒಣಗಿದ ಬೇವಿನ ಸೊಪ್ಪನ್ನು ಗಿಟಾರಿನ ತೂತಿನಿಂದ ತುರುಕಿಬಿಟ್ಟರು.

ಮರುದಿನ ಇಂದಿರಾನಗರದ ಪಾಠದ ಮನೆ. ತಂತಿ ಮೀಟಿದೆ. ದಿಂಬು ತಟ್ಟಿದಂತೆ 'ದಬ್' ಅಂತು. ಏನಿದು ಅಂತ ಬಗ್ಗಿಸಿ ಅಲ್ಲಾಡಿಸಿದೆ. ಫಳಫಳ ಹೊಳೆಯುವ ಮಾರ್ಬಲ್ ನೆಲದ ಮೇಲೆಲ್ಲ ಬೇವಿನ ಸೊಪ್ಪು! ಕಲಿಯುತ್ತಿದ್ದ ಹುಡುಗಿಯ ತಾಯಿ ಓಡಿಬಂದರು. ಆಗಷ್ಟೇ ಬಿಳಿ ಅಕ್ಕಿ ಬಿಟ್ಟು ಕಂದು ಅಕ್ಕಿಗೆ ಬದಲಾಗಿದ್ದವರು. ಇನ್ನು ಈ ಪಾಠ ಹೋಯಿತು ಅಂದುಕೊಂಡು ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಒಂದು ಎಲೆ ಎತ್ತಿ ಮೂಸಿ ನೋಡಿ ಕಣ್ಣರಳಿಸಿದರು.

"ವಾವ್, ಆರ್ಗ್ಯಾನಿಕ್ ಗಿಟಾರಾ? ಎಲ್ಲಿ ಸಿಗುತ್ತೆ ಮಿಸ್?"

ಗೌರಿ ಹಬ್ಬದ ಹಸಿರು ಬಳೆ

ಇದು ಎಲ್ಲಕ್ಕಿಂತ ದೊಡ್ಡದು. ಗೌರಿ ಹಬ್ಬ. ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರನ್ನೆಲ್ಲ ಕರೆದಾಗಿತ್ತು. ನಾನು ಹೊಸ ತಂತಿ ಹಾಕೋಣ ಅಂತ ಹಳೆಯದನ್ನೆಲ್ಲ ಬಿಚ್ಚಿಟ್ಟಿದ್ದೆ. ಅಡ್ಡಲಾಗಿ ತಂತಿ ಇಲ್ಲದ್ದು ಕಂಡ ಅತ್ತೆ ತೂತಿನೊಳಕ್ಕೆ ಟಾರ್ಚು ಬಿಟ್ಟರು.

"ಮೇಲೆ ಕನ್ನಡಿ, ಒಳಗೆ ಕಸದ ತೊಟ್ಟಿ! ಎಷ್ಟು ವರ್ಷದ ಧೂಳಮ್ಮ ಇದು? ಹಬ್ಬ ಮುಗೀಲಿ, ಅಟ್ಟಕ್ಕೆ ಇಡಿಸ್ತೀನಿ."

"ಇರಿ ಅತ್ತೆ, ಬ್ರಷ್ ತಂದೆ," ಅಂತ ಓಡಿದೆ. ಬ್ರಷ್ ಹುಡುಕಿ ತರುವಷ್ಟರಲ್ಲಿ ಅತ್ತೆ ಸೋಫಾದ ಮೇಲೆ ಕೂತಿದ್ದಾರೆ, ತೊಡೆಯ ಮೇಲೆ ಗಿಟಾರು, ಒರೆಸುವ ಬಟ್ಟೆ ಹಿಡಿದ ಬಲಗೈ ಮೊಣಕೈತನಕ ಒಳಗೆ.

"ಕೈ ಬರ್ತಿಲ್ಲ ಕಣಮ್ಮ."

ಹಿಂದಿನ ದಿನವಷ್ಟೇ ಹಲಸೂರು ಬಜಾರಿನಲ್ಲಿ ಕೈ ತುಂಬ ತೊಡಿಸಿಕೊಂಡ ಹಸಿರು ಗಾಜಿನ ಬಳೆಗಳು. ಗಿಟಾರಿನ ಒಳಗೆ ಮರದ ಅಡ್ಡಪಟ್ಟಿಗಳಿರುತ್ತವೆ, ಅದಕ್ಕೆ ಸಿಕ್ಕಿಕೊಂಡಿವೆ. ಎಳೆದರೆ ಬಳೆ ಕಿರ್ ಅನ್ನುತ್ತದೆ, ತಳ್ಳಿದರೆ ಮರ ಕಿರ್ ಅನ್ನುತ್ತದೆ. ಗೌರಿ ಹಬ್ಬದ ದಿನ ಮುತ್ತೈದೆಯ ಹಸಿರು ಬಳೆ ಒಡೆಯುವುದಿರಲಿ, ಆ ಮಾತನ್ನೂ ಆಡುವ ಹಾಗಿಲ್ಲ. ಮಾವ ಗರಗಸ ತಂದರು.

"ಇಷ್ಟೇ ಇಷ್ಟು ಕುಯ್ದರೆ ಸಾಕು."

ನಾನು ಗಿಟಾರಿಗೆ ಅಡ್ಡ ನಿಂತೆ. ಅತ್ತೆ ನನ್ನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು.

"ಒಳಗಿಡ್ರೀ ಅದನ್ನ. ಹಬ್ಬದ ದಿನ ಒಡೆಯೋದೂ ಬೇಡ, ಕುಯ್ಯೋದೂ ಬೇಡ."

ಅಷ್ಟರಲ್ಲಿ ಗೇಟು ಸದ್ದಾಯಿತು. ಹೆಂಗಸರ ಹಿಂಡು. ಅತ್ತೆ ಹಲ್ಲು ಕಚ್ಚಿ, "ಸಿಕ್ಕಾಕ್ಕೊಂಡಿದೆ ಅಂತ ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆಯೋ!" ಅಂದವರೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ನಾನು ಅರಿಶಿನ ಕುಂಕುಮ ಕೊಡುತ್ತಾ ಬಂದೆ. ಪಕ್ಕದ ಮನೆಯವರಿಗೆ ತಡೆಯಲಾಗಲಿಲ್ಲ.

"ಏನ್ರಮ್ಮಾ, ನೀವೂ ಗಿಟಾರ್ ನುಡಿಸ್ತೀರಾ?"

"ಹೂಂ, ಏನೋ ಸ್ವಲ್ಪ."

"ತಂತೀನೇ ಇಲ್ವಲ್ಲ?"

ಅತ್ತೆ ರೆಪ್ಪೆ ಮಿಟುಕಿಸಲಿಲ್ಲ. "ತಂತಿ ಕಲಿಯೋರಿಗೆ. ಕಲಿತ ಮೇಲೆ ಬೇಕಾಗಲ್ಲ."

"ಓ..." ಅಂದರು ಎಲ್ಲರೂ. ದಿನಾ ತಂತಿ ಹಾಕಿ ಒದ್ದಾಡುವ ನನ್ನ ಕಡೆ ಕನಿಕರದಿಂದ ನೋಡಿದರು.

"ಹಂಗಾದ್ರೆ ಗೌರಿ ಮುಂದೆ ಒಂದು ಹಾಡು ಆಗ್ಲಿ!"

ಬೇರೆ ದಾರಿ ಇರಲಿಲ್ಲ. ಅತ್ತೆ ಎಡಗೈಯಿಂದ ಗಿಟಾರಿನ ಹೊಟ್ಟೆ ತಟ್ಟುತ್ತಾ ಸೋಬಾನೆ ಎತ್ತಿಕೊಂಡರು. ಒಂದು ಕಾಲಕ್ಕೆ ಊರಿನ ಮದುವೆಗಳಿಗೆಲ್ಲ ಕರೆಯುತ್ತಿದ್ದ ಕಂಠವಂತೆ, ನನಗೆ ಗೊತ್ತಾದದ್ದೇ ಅವತ್ತು. ಟೊಳ್ಳು ಮರ ಧುಂ ಧುಂ ಅಂತ ಜೊತೆಗೂಡಿತು. ಹೆಂಗಸರು ಚಪ್ಪಾಳೆ ಹಿಡಿದರು. ಹಾಡಿನ ಭರದಲ್ಲಿ ಅತ್ತೆಗೂ ಚಪ್ಪಾಳೆ ತಟ್ಟುವ ಮನಸ್ಸಾಯಿತೋ ಏನೋ, ಮೈಮರೆತು ತಾಳಕ್ಕೆ ಸರಿಯಾಗಿ ತೋಳು ಹೊರಳಿಸಿದರು. ಸರ್ ಅಂತ ಕೈ ಹೊರಗೆ! ಒಂದು ಬಳೆಯೂ ಹೋಗಿಲ್ಲ. ಮುಷ್ಟಿಯಲ್ಲಿ ಧೂಳು ತುಂಬಿದ ಬಟ್ಟೆ. ಕೈ ಹಾಗೇ ಮೇಲೆತ್ತಿದರು. ಹಾಡು ಮುಗಿಸುವ ಪದ್ಧತಿಯೇ ಹೀಗೆ ಅಂದುಕೊಂಡು ಹೆಂಗಸರು ಚಪ್ಪಾಳೆ ಹೊಡೆದರು.

ಮುಂದಿನ ಬೀದಿಯ ನಾಮಕರಣಕ್ಕೆ ಅತ್ತೆಗೆ ಅಲ್ಲೇ ಕರೆ ಬಂತು, ಗಿಟಾರಿನ ಸಮೇತ. ಹೆಂಗಸರು ಹೋಗುತ್ತಲೇ ಅತ್ತೆ ಟೀವಿಯ ಪಕ್ಕದಲ್ಲಿ ಜಾಗ ಮಾಡಿ ಗಿಟಾರಿಗೆ ಕಸೂತಿಯ ಹೊದಿಕೆ ಹೊದಿಸಿದರು. ಅಬ್ಬ, ಗೆದ್ದೆ ಅಂದುಕೊಂಡು ನಿದ್ದೆ ಮಾಡಿದೆ.

ಬೆಳಿಗ್ಗೆ ಗೇಟಿನ ಹತ್ತಿರ ಹೂವಿನವಳು ಮಲ್ಲಿಗೆ ಮೊಳ ಹಾಕುತ್ತಾ ಕೇಳಿದಳು:

"ಅಕ್ಕಾ, ನಿಜಾನಾ? ನಿಮ್ಮನೇಲಿ ಗಿಟಾರು ಅತ್ತೆ ನುಡಿಸ್ತಾರಂತೆ, ನೀವು ಒರೆಸ್ತೀರಂತೆ?"