ನನ್ನ ತಾಟು ಬಿಟ್ಟು ಹೋದವಳು

ನನ್ನ ಮೊಮ್ಮಗಳಂಥ ವಿಚಿತ್ರ ಹುಡುಗಿ ನಿಪ್ಪಾಣಿಯಿಂದ ಅಥಣಿಯವರೆಗೆ ಹುಡುಕಿದರೂ ಸಿಗುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಇಲ್ಲವೇ ಎಂದು ಕೇಳಿದರೆ, ಇದೆ, ಬೇಕಾದಷ್ಟಿದೆ. ಆದರೆ ಅದು ಅವಳ ಮೇಲಲ್ಲ. ಯಾರ ಮೇಲೆ ಎಂಬುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ. ನಾನು ಮೂರನೇ ಇಯತ್ತೆಯವರೆಗೆ ಕಲಿತವನು. ಮಾತು ಹಿಂದೆ ಮುಂದೆ ಆದರೆ ಸುಧಾರಿಸಿಕೊಳ್ಳಿ. ಹಿಗ್ಗಿನಲ್ಲಿ ಬರೆಯಲು ಕೂತವನಿಗೆ ಅಕ್ಷರಗಳು ಸಾಲಿನಲ್ಲಿ ನಿಲ್ಲುವುದಿಲ್ಲ.

ಊರಿಗೆಲ್ಲ ಎರಡೇ ಟಿವಿ ಇದ್ದ ಕಾಲದ ಮಾತು. ಅಕ್ಕೋಳದ ನಮ್ಮ ಮನೆಯಲ್ಲಿ ಉಣ್ಣುವವರು ಹನ್ನೊಂದು ಮಂದಿ, ಹಾಕುತ್ತಿದ್ದ ತಾಟು ಹತ್ತು. ನಾನೂ ಮೊಮ್ಮಗಳೂ ಒಂದೇ ತಾಟಿನವರು. ನನ್ನ ಮದುವೆಯಲ್ಲಿ ಮಾವನವರು ಕೊಟ್ಟ ಕಂಚಿನ ತಾಟು ಅದು. ಮೂರು ವರ್ಷದವಳಿದ್ದಾಗ ನನ್ನ ತೊಡೆ ಏರಿ ಕೂತು, ಬಲಗೈಯಿಂದ ಉಣ್ಣುತ್ತ, ಎಡಗೈಯಿಂದ ತಾಟಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು.

"ಯಾಕವ್ವಾ, ತಾಟ ಯಾಕ ಹಿಡ್ಕೊಂಡಿ?" ಎಂದರೆ, "ಓಡಿ ಹೋಗ್ತೈತಿ" ಅನ್ನುತ್ತಿದ್ದಳು.

ತಾಟು ಓಡಿ ಹೋಗಲಿಲ್ಲ. ಹದಿನಾಲ್ಕು ತುಂಬಿದ ಮೇಲೆ ಅವಳೇ ಓಡಿ ಹೋದಳು.

ಒಂದು ದಿನ ಸಾಲೆಯಿಂದ ಬಂದವಳು ಪಾಟಿಚೀಲವನ್ನು ಗೂಟಕ್ಕೆ ಹಾಕುತ್ತ, "ಮುತ್ಯಾ, ಇವತ್ತಿಂದ ನಾ ಹಗೂರ ಉಣ್ಣಾಕಿ" ಅಂದಳು.

"ಹಗೂರ ಅಂದ್ರ? ನಿಂತ ಉಣ್ತೀಯೇನ?"

"ಕಡಿಮಿ ಎಣ್ಣಿ, ಕಡಿಮಿ ಬೆಲ್ಲ, ಹಸಿ ತಪ್ಪಲ ಜಾಸ್ತಿ. ಖೋಖೋದಾಗ ನಾ ಎದ್ದ ಓಡೂದ್ರಾಗ ಎದುರಿನಾಕಿ ಎರಡ ಸುತ್ತ ಹಾಕಿರ್ತಾಳ. ಹುಡುಗ್ಯಾರೆಲ್ಲ ನನಗ ಕಬ್ಬಿನ ಗಾಡಿ ಅಂತಾರ. ಚಿಕ್ಕೋಡಿ ಮ್ಯಾಚಿಗೆ ನನ್ನ ತಗೋಬೇಕಂದ್ರ ಹಗೂರ ಆಗಬೇಕು."

ಸಾಲೆಯ ಆಟದ ಮಾಸ್ತರರು ದಿನವೂ ಸೇಬು, ಬದಾಮಿ ತಿನ್ನಿರಿ ಎಂದು ಹೇಳಿ ಕಳಿಸಿದ್ದರಂತೆ. ಅದನ್ನು ಕೇಳಿದ ನನ್ನ ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಸೇಬು ತರಾಕ ಮನ್ಯಾಗ ಯಾರಿಗಿ ಜಡ್ಡಾಗೇತಿ?" ಎಂದು ಕೇಳಿದಳು. ಅವಳ ಮಾತೂ ಸರಿಯೇ. ನಮ್ಮ ಮನೆಯೊಳಗೆ ಸೇಬು ಬರಬೇಕಾದರೆ ಯಾರಾದರೂ ದವಾಖಾನೆಯಲ್ಲಿ ಮಲಗಿರಬೇಕು.

ಬೇರೆ ಹುಡುಗಿಯಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದಳು. ಇವಳು ಬಿಡಲಿಲ್ಲ. ಮನೆಯಿಂದ ಒಂದು ಪೈಸೆ ಹೆಚ್ಚಿಗೆ ಕೇಳುವುದಿಲ್ಲ, ಅವ್ವನಿಂದ ಬೇರೆ ಅಡುಗೆ ಮಾಡಿಸುವುದಿಲ್ಲ, ಹನ್ನೊಂದು ಮಂದಿಗೆ ಇಳಿಸಿದ ಅದೇ ಗಡಿಗೆಯಿಂದಲೇ ಹಗುರ ಊಟ ಹೊರಗೆ ತೆಗೆಯುತ್ತೇನೆ ಎಂದು ಹಟ ಹಿಡಿದಳು. ಮಡಕಿಕಾಳಿಗೆ ಒಗ್ಗರಣೆ ಬೀಳುವ ಮೊದಲೇ ಒಂದು ಬಟ್ಟಲು ತನಗೆ ತೆಗೆದಿಡುವಳು. ಬೆಣ್ಣೆ ತೆಗೆದ ಮಜ್ಜಿಗೆಗೆ ಮೊದಲ ಗಿರಾಕಿ ಅವಳೇ. ಹೊಲದ ಬದುವಿಗೆ ಹೋಗಿ ಹಕ್ಕರಕಿ, ಎಳೆ ಮೆಂತ್ಯದಂಥ ಹಸಿ ಸೊಪ್ಪು ಕಿತ್ತು ತಂದು ಕರಕರ ಅಗಿಯುವಳು.

"ಎಮ್ಮಿನೂ ಮುಂಜಾನಿಂದ ಸಂಜೀ ತನಕ ಹಸಿ ತಪ್ಪಲಾನ ತಿಂತೈತಿ. ಅದೆಲ್ಲಿ ಹಗೂರ ಆಗೇತಿ?" ಎಂದು ಕೇಳಿದೆ.

"ಎಮ್ಮಿ ಖೋಖೋ ಆಡೂದಿಲ್ಲ ಮುತ್ಯಾ" ಅಂದಳು. ಇಂಥವಳೊಡನೆ ವಾದ ಮಾಡುವವರು ಯಾರು?

ಇಷ್ಟಾದರೂ ನಾನು ಸುಮ್ಮನಿದ್ದೆ. ತಪ್ಪಲ ತಿನ್ನಲಿ, ಹುಲ್ಲು ತಿನ್ನಲಿ, ನನ್ನ ತಾಟಿನಲ್ಲಿ ತಿಂದರಾಯಿತು ಎಂದುಕೊಂಡಿದ್ದೆ. ಆದರೆ ಎಂಟು ದಿನಕ್ಕೆ ಹೊಸ ಹುಚ್ಚು ಹಿಡಿಯಿತು. ಹೊತ್ತು ಮುಳುಗುವ ಮೊದಲೇ ಉಣ್ಣಬೇಕಂತೆ. ಗಂಡಸರು ಕಬ್ಬಿಗೆ ನೀರು ಕಟ್ಟಿ ಬರುವುದೇ ಎಂಟಕ್ಕೆ, ನಮ್ಮ ಮನೆಯಲ್ಲಿ ತಾಟು ಬೀಳುವುದೂ ಆಗಲೇ. ಹೊತ್ತು ಇರುವಾಗ ಉಣ್ಣುವವರು ಯಾರಿದ್ದಾರೆ?

ಇದ್ದಾರೆ. ಪಕ್ಕದ ಮನೆಯ ತಾತ್ಯಾ ಇದ್ದಾನೆ. ಜೈನರವನು, ಕಿರಾಣಿ ಅಂಗಡಿಯವನು, ನನ್ನ ವಾರಿಗೆಯವನು, ಚಿಕ್ಕಂದಿನಲ್ಲಿ ನನ್ನ ಗೋಲಿಗಳನ್ನೆಲ್ಲ ಗೆದ್ದುಕೊಂಡು ಹೋದವನು. ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ತುತ್ತು ಎತ್ತುವುದಿಲ್ಲ. ನಮ್ಮ ಎರಡು ಕಟ್ಟೆಗಳ ನಡುವೆ ಸೊಂಟದೆತ್ತರದ ಒಂದು ಗೋಡೆ, ಅಷ್ಟೇ. ನನ್ನ ಮೊಮ್ಮಗಳು ಮುಂಜಾನೆಯ ಒಂದು ರೊಟ್ಟಿ, ತನ್ನ ಕಾಳು, ತಪ್ಪಲ ಎಲ್ಲ ಡಬ್ಬಿಗೆ ಹಾಕಿಕೊಂಡು ಆ ಗೋಡೆ ದಾಟಿದಳು.

ಜೈನರ ಮನೆಗೆ ಗಡ್ಡೆಗೆಣಸು ಒಯ್ಯುವಂತಿಲ್ಲವಲ್ಲ. ಹಾಗಾಗಿ ಗೋಡೆ ದಾಟುವ ಮೊದಲು ಡಬ್ಬಿಯಿಂದ ಉಳ್ಳಾಗಡ್ಡಿ, ಗಜ್ಜರಿ ತೆಗೆದು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. ಹದಿನಾಲ್ಕು ವರ್ಷ ಹೆಗಲ ಮೇಲೆ ಹೊತ್ತು ತಿರುಗಿದವನು ನಾನು, ಊಟಕ್ಕೆ ಜೋಡಿ ಅವನು. ನನ್ನ ಪಾಲಿಗೆ ಬಂದದ್ದು ಉಳ್ಳಾಗಡ್ಡಿ.

ಗೋಡೆಯ ಆಚೆ ದಿನವೂ ನಗೆ. ಅವಳು ಏನೋ ಹೇಳುವಳು, ತಾತ್ಯಾ ಹೊಟ್ಟೆ ಕುಣಿಸಿ ನಗುವನು. ಐವತ್ತು ವರ್ಷ ನಾನು ಹೇಳಿದ ಯಾವ ಮಾತಿಗೂ ಅವನು ಹಾಗೆ ನಕ್ಕವನಲ್ಲ. ನಾನು ಶೇಂಗಾ ಸುಲಿಯುವ ನೆವ ಮಾಡಿಕೊಂಡು ಗೋಡೆಯ ಮರೆಗೆ ಕೂಡತೊಡಗಿದೆ.

"ಏನ್ರಿ, ಒಂದ ಸೇರ ಶೇಂಗಾ ಎಂಟ ದಿನಾ ಸುಲಿತೀರೇನು?" ಎಂದು ನನ್ನ ಹೆಂಡತಿ ಎಲ್ಲರಿಗೂ ಕೇಳುವಂತೆ ಕೇಳಿದಳು.

ಎಂಟು ಗಂಟೆಗೆ ನಾವು ಉಣ್ಣಲು ಕೂತಾಗ ಮೊಮ್ಮಗಳೂ ಬಂದು ಕೂಡುತ್ತಿದ್ದಳು. ಸುಳ್ಳು ಹೇಳಬಾರದು, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಕೈಯಲ್ಲಿ ಒಂದು ವಾಟಿ ಮಜ್ಜಿಗೆ, ಅಷ್ಟೇ. ಅವಳ ಪಾಲಿನ ಅರ್ಧ ತಾಟನ್ನು ಖಾಲಿ ಬಿಟ್ಟು ನಾನು ಉಣ್ಣುತ್ತಿದ್ದೆ.

ಸುಮ್ಮನೆ ಸೋಲುವ ಕುಳ ನಾನಲ್ಲ. ನಿಪ್ಪಾಣಿ ಸಂತೆಯಿಂದ ಅವಳಿಗೆ ಇಷ್ಟದ ಭಡಂಗ ತಂದೆ. ಎಣ್ಣೆಯಲ್ಲಿ ಹೊರಳಿದ ಚುರುಮುರಿ, ಮೇಲೆ ಹುರಿದ ಶೇಂಗಾ, ಬೆಳ್ಳುಳ್ಳಿ. ಅವಳು ಪುಡಿಕೆಯನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದುಕೊಂಡು, ತಮ್ಮಂದಿರಿಗೆ ಹಂಚಿಬಿಟ್ಟಳು. ಮರುದಿನ ಅವಳ ಡಬ್ಬಿಯಲ್ಲಿ ಕಾಳಿನ ಕೆಳಗೆ ಒಂದು ಚಮಚ ತುಪ್ಪ ಮುಚ್ಚಿಟ್ಟೆ. ಕೊಟ್ಟ ಡಬ್ಬಿ ತಿರುಗಿ ಬಂತು, ಒಳಗೆ ತುಪ್ಪ ಮಾತ್ರ ಹಾಗೇ ಇತ್ತು. ಅದನ್ನು ಬಿಟ್ಟು ಕಾಳನ್ನಷ್ಟೇ ಹೇಗೆ ತಿಂದಳೋ, ಇಂದಿಗೂ ನನಗೆ ತಿಳಿದಿಲ್ಲ.

ಕೊನೆಗೆ ನಾನೂ ಹಗುರ ಉಣ್ಣಲು ನಿಂತೆ. ಒಂದು ವಾರ ಐದೂವರೆಗೆ ಸೊಸೆಯನ್ನು ಕಾಡಿ, ನಮ್ಮ ಕಟ್ಟೆಯ ಮೇಲೆ ಅವಳಿಗೆ ಕಾಣುವಂತೆ ಕೂತು ಎರಡು ರೊಟ್ಟಿ ಉಂಡೆ. ಎಂಟಕ್ಕೆ ಒಗ್ಗರಣೆಯ ವಾಸನೆ ಬಂದಾಗ ಮತ್ತೆ ಎರಡು ಉಂಡೆ. ಹಗುರ ಊಟ ಕಲಿಯಲು ಹೋಗಿ ದಿನಕ್ಕೊಂದು ಊಟ ಹೆಚ್ಚಿಗೆ ಉಂಡವನು ನಮ್ಮ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮುಂದಿನ ವಾರ ನಾಚಿಕೆ ಬಿಟ್ಟೆ. ಕಂಚಿನ ತಾಟಿನಲ್ಲಿ ಎರಡು ರೊಟ್ಟಿ, ಕಡಲೆಹಿಟ್ಟಿನ ಜುಣಕ ಹಾಕಿಸಿಕೊಂಡು ನಾನೇ ಗೋಡೆ ದಾಟಿದೆ. ಅವಳು ಇನ್ನೂ ಸಾಲೆಯಿಂದ ಬಂದಿರಲಿಲ್ಲ. ತಾತ್ಯಾ ಕಂಬಕ್ಕೆ ಒರಗಿ ಒಬ್ಬನೇ ಕೂತಿದ್ದ. ಅವನ ಸೊಸೆ "ಬರ್ರಿ ಕಾಕಾ" ಎಂದವಳು ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋದಳು. ಜುಣಕದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ಇರುತ್ತವೆ ಎಂಬುದು ಆಗ ನೆನಪಾಯಿತು.

"ಏನಲೇ, ಇವತ್ತ ತಾಟ ಸಮೇತ ಬಂದಿ?" ಅಂದ ತಾತ್ಯಾ.

"ಮೊಮ್ಮಗಳ ಜೋಡಿ ಉಣ್ಣಾಕ ಬಂದೀನಿ. ನಿನ್ನ ಜೋಡಿ ಅಲ್ಲ."

"ಉಣ್ಣು. ನನಗ ಇವತ್ತ ಚತುರ್ದಶಿ, ಉಪಾಸ."

ಉಪವಾಸ ಇದ್ದವನ ಮುಂದೆ ಜುಣಕದ ತಾಟು ಇಟ್ಟುಕೊಂಡು ಕೂತೆ. ಎದ್ದು ಹೋಗಲು ಮಾನ ಬಿಡಲಿಲ್ಲ, ಉಣ್ಣಲು ಮನಸ್ಸು ಬರಲಿಲ್ಲ.

"ಒಂದ ಮಾತ ಕೇಳ್ತೀನಿ, ಖರೇ ಹೇಳು. ದಿನಾ ಅದೇನ ನಗತೀರಿ ಇಬ್ಬರೂ?"

"ನಿನ್ನ ಸುದ್ದಿನ. ಮುತ್ಯಾ ತುಪ್ಪ ಎಲ್ಲಿ ಮುಚ್ಚಿಟ್ಟಾನ ನೋಡ್ರಿ ಅಂತ ಮೊನ್ನಿ ಡಬ್ಬಿ ತೋರಿಸಿದ್ಲು."

ಸಿಟ್ಟು ಬರಬೇಕಾಗಿತ್ತು. ಯಾಕೋ ಬರಲಿಲ್ಲ. ತಾತ್ಯಾ ನನ್ನ ತಾಟನ್ನೇ ನೋಡುತ್ತ ಹೇಳಿದ:

"ನಮ್ಮ ಮನ್ಯಾಗ ಒಬ್ಬರ ತಾಟಿನ್ಯಾಗ ಒಬ್ಬರ ಕೈ ಹಾಕೂ ಪದ್ಧತಿ ಇಲ್ಲ, ನಿನಗ ಗೊತ್ತೈತಿ. ಆರ ಮಂದಿ ಮೊಮ್ಮಕ್ಕಳ ಅದಾರ, ಆರ ತಾಟ ಅದಾವ. ಹತ್ತ ವರ್ಷ ಆತು, ರಾತ್ರಿ ಈ ಕಟ್ಟಿ ಮ್ಯಾಲ ಕುಂತ ನಿಮ್ಮ ಪಡಸಾಲಿ ನೋಡ್ತೀನಿ. ಒಂದ ತಾಟು, ಒಂದ ಮುದಿ ಕೈ, ಒಂದ ಸಣ್ಣ ಕೈ. ನನ್ನ ಹೊಟ್ಟಿ ಉರಿದಿಲ್ಲ ಅಂತ ತಿಳದಿಯೇನ?"

ಅಷ್ಟರಲ್ಲಿ ಓಣಿಯ ತುದಿಯಿಂದ ಮೊಮ್ಮಗಳು ಓಡುತ್ತ ಬಂದಳು. ಲಂಗದ ತುಂಬ ಮೈದಾನದ ಕೆಂಪು ಮಣ್ಣು.

"ಮುತ್ಯಾ, ನನ್ನ ತಗೊಂಡ್ರು. ಚಿಕ್ಕೋಡಿಗೆ ಹೊಂಟೀನಿ. ಮಾಸ್ತರ ಅಂದ್ರು, ಇನ್ನ ಯಾರೂ ಇಕೀಗೆ ಕಬ್ಬಿನ ಗಾಡಿ ಅನಬಾರದಂತ."

ಸೂರ್ಯ ಕಬ್ಬಿನ ಗರಿಗಳಿಗೆ ತಾಗಿದ್ದ. ಮನೆಗೆ ಹೋಗಿ ಡಬ್ಬಿ ಕಟ್ಟಿ ತರುವಷ್ಟು ಹೊತ್ತು ಉಳಿದಿರಲಿಲ್ಲ. ಅವಳು ಒಮ್ಮೆ ಸೂರ್ಯನನ್ನು ನೋಡಿದಳು, ಒಮ್ಮೆ ನನ್ನ ತಾಟನ್ನು ನೋಡಿದಳು. ಕೈ ತೊಳೆದು ನನ್ನ ಮಗ್ಗುಲಿಗೆ ಬಂದು ಕೂತಳು.

"ತಾತ್ಯಾ, ಇವತ್ತೊಂದ ದಿನ ಉಳ್ಳಾಗಡ್ಡಿ ಮಾಫ ಮಾಡ್ರಿ."

"ನಾ ಆ ಕಡಿ ನೋಡ್ತೀನಿ, ನೀ ಉಣ್ಣವ್ವಾ" ಎಂದು ತಾತ್ಯಾ ಪಡುವಣಕ್ಕೆ ಮುಖ ತಿರುಗಿಸಿದ. ಅಲ್ಲಿಂದಲೇ ನಮಗೆ ಹೊತ್ತು ಹೇಳತೊಡಗಿದ. "ಇನ್ನ ಎರಡ ಬೆರಳ ಐತಿ, ಸಾವಕಾಶ ಉಣ್ರಿ."

ಅವಳು ಒಂದು ರೊಟ್ಟಿಯನ್ನು ಬದಿಗೆ ಸರಿಸಿದಳು. "ಇದು ಬ್ಯಾಡ. ಇಬ್ಬರಿಗೂ ಒಂದ ಸಾಕು." ಇನ್ನೊಂದನ್ನು ಮುರಿದು ಅರ್ಧ ನನ್ನ ಕಡೆಗೆ ತಳ್ಳಿದಳು. ಬರೀ ಅರ್ಧ ರೊಟ್ಟಿ. ಆ ಸಂಜೆ ಎಂಟಕ್ಕೆ ಒಗ್ಗರಣೆ ಸಿಡಿದಾಗ ನನಗೆ ಹಸಿವೆಯೇ ಇರಲಿಲ್ಲ ಎಂದರೆ ನೀವು ನಂಬಬೇಕು.

ಉಣ್ಣುತ್ತ ಉಣ್ಣುತ್ತ ಅವಳು ತಾಟನ್ನು ತನ್ನ ಕಡೆ ತುಸು ಎಳೆದುಕೊಳ್ಳಲು ನೋಡಿದಳು. ಅದು ಅಲುಗಲಿಲ್ಲ. ಬಗ್ಗಿ ನೋಡಿದಳು. ನನಗೇ ತಿಳಿಯದಂತೆ ನನ್ನ ಎಡಗೈ ತಾಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಯಾಕ ಮುತ್ಯಾ, ತಾಟ ಯಾಕ ಹಿಡ್ಕೊಂಡಿ?"

"ಓಡಿ ಹೋಗ್ತೈತವ್ವಾ" ಅಂದೆ.