ಸುಣ್ಣದ ಗೆರೆಯ ಮನೆ

1938ರ ಬೇಸಿಗೆಯಲ್ಲಿ, ಹೊಳೇನರಸೀಪುರದ ಪೇಟೆ ಬೀದಿಯ ಒಂದು ಖಾಲಿ ನಿವೇಶನದಲ್ಲಿ, ನನ್ನ ಸೋದರಮಾವ ಮನೆ ಕಟ್ಟುವುದಕ್ಕೆ ಮೊದಲೇ ಗೃಹಪ್ರವೇಶ ಮಾಡಿದರು. ತಳಪಾಯ ಇರಲಿಲ್ಲ, ಗೋಡೆ ಇರಲಿಲ್ಲ, ಸೂರು ಇರಲಿಲ್ಲ. ಆದರೂ ಹಾಲು ಉಕ್ಕಿತು, ಊಟವಾಯಿತು. ಬಂದವರೆಲ್ಲ ಎಲೆ ಅಡಿಕೆ ಹಾಕಿಕೊಂಡು, ಇಲ್ಲದ ಬಾಗಿಲಿನಿಂದ ತಲೆ ಬಗ್ಗಿಸಿಕೊಂಡು ಹೊರಗೆ ಹೋದರು. ಹಾಗೆ ತಲೆ ಬಗ್ಗಿಸಿದವರಲ್ಲಿ ನಾನೂ ಒಬ್ಬ.

ಮಾವನಿಗೆ ತಲೆ ಕೆಟ್ಟಿತ್ತೇ? ಊರಿನ ಅರ್ಧ ಜನ ಹೌದು ಅಂದರು. ಉಳಿದರ್ಧ ಜನ, “ಕೆಡಾಕೆ ಮುಂಚೆ ಸರಿಯಾಗಿತ್ತಾ?” ಎಂದು ಕೇಳಿದರು. ನಾನು ಎರಡು ಪಕ್ಷಕ್ಕೂ ಸೇರಿದವನಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಾವನದು ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ಯಾವುದನ್ನೂ ಪರೀಕ್ಷಿಸದೆ ಒಪ್ಪುವ ಜಾಯಮಾನವೇ ಅವರದಲ್ಲ. ಯಾರಾದರೂ ಕೊಡ ಕೊಳ್ಳಲು ಬಂದರೆ ಅದಕ್ಕೆ ನೀರು ತುಂಬಿ, ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಒಂದು ಹನಿಯೂ ಜಿನುಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮಾರುತ್ತಿದ್ದರು. ಅಷ್ಟರಲ್ಲಿ ಗಿರಾಕಿಯ ರೈಲು ಹೋಗಿರುತ್ತಿತ್ತು!

ಒಮ್ಮೆ ಅರಕಲಗೂಡಿನಲ್ಲಿ ಛತ್ರಿ ಕೊಳ್ಳಲು ಹೋದರು. ಅಂಗಡಿಯ ಮುಂದೆ ಛತ್ರಿ ಬಿಚ್ಚಿ ಹಿಡಿದು ನಿಂತು, “ಈಗ ಮ್ಯಾಲಿಂದ ಒಂದ್ ಬಿಂದಿಗೆ ನೀರು ಉಯ್ಯಿ” ಅಂದರು. ಅಂಗಡಿಯವನು ಒಂದು ಸಲ ಆಕಾಶ ನೋಡಿದ, ಒಂದು ಸಲ ಮಾವನನ್ನು ನೋಡಿದ, ಆಮೇಲೆ ಸುರಿದ. ಮಾವ ನೆನೆಯಲಿಲ್ಲ. ಪಕ್ಕದ ಅಂಗಡಿಯ ಬೆಲ್ಲ ನೆನೆಯಿತು.

ಒಬ್ಬಳೇ ಮಗಳಿಗೆ ಚನ್ನರಾಯಪಟ್ಟಣದಲ್ಲಿ ಗಂಡು ನೋಡಲು ಹೋದಾಗಿನ ಕಥೆಯಂತೂ ನಮ್ಮ ನೆಂಟರಿಷ್ಟರಲ್ಲಿ ಈಗಲೂ ಓಡಾಡುತ್ತಿದೆ. ಮಾವ ಹುಡುಗನ ಓದು ಕೇಳಲಿಲ್ಲ, ಜಮೀನು ಕೇಳಲಿಲ್ಲ. “ಎಲ್ಲಿ, ಒಂದೀಟು ಮನೀಕಳಪ್ಪ” ಅಂದರು. ಹುಡುಗನ ತಂದೆ ಗಾಬರಿಯಾದರು. “ಗೊರಕೆ ಎಂಗೈತೆ ನೋಡ್ಬೇಕು ಕಣ್ರೀ. ಜೀವಮಾನೆಲ್ಲ ನನ್ ಮಗ್ಳು ಕೇಳಬೇಕಲ್ಲ!” ಆ ಹುಡುಗ ಸಾಧು ಪ್ರಾಣಿ. ಚಾಪೆ ಹಾಸಿಕೊಂಡು ಮಲಗಿದವನು ನಿಜವಾಗಿಯೂ ನಿದ್ದೆ ಹೋದ. ಎಲೆ ಹಾಕಿದ ಮೇಲೆ ಅವನನ್ನು ಎಬ್ಬಿಸಬೇಕಾಯಿತು. “ಹದವಾಗೈತೆ” ಎಂದು ಮಾವ ತಾಂಬೂಲ ಬದಲಾಯಿಸಿದರು.

ಇಂಥವರು ಮನೆ ಕಟ್ಟಲು ಹೊರಟರೆ?

ಅದುವರೆಗೆ ಅವರಿದ್ದದ್ದು ಅಣ್ಣನ ಸಂಸಾರದೊಂದಿಗೆ, ಹಳೆಯ ಮನೆಯಲ್ಲಿ. ಅಲ್ಲಿನ ಅಡಿಗೆಮನೆ ಹಿತ್ತಿಲ ಕಡೆಯ ಕೊನೆಯ ಕತ್ತಲು ಕೋಣೆ. ಸೂರಿನಲ್ಲಿ ಅಂಗೈಯಗಲದ ಬೆಳಕಿಂಡಿ ಇತ್ತು. ಹೊಗೆ ಅದರ ಮೂಲಕ ಹೊರಗೆ ಹೋಗಬೇಕಾಗಿತ್ತು, ಹೋಗುತ್ತಿರಲಿಲ್ಲ. ಅತ್ತೆಯ ಕಣ್ಣುಗಳು ಯಾವಾಗಲೂ ಕೆಂಪಗೆ, ನೀರು ತುಂಬಿಕೊಂಡೇ ಇರುತ್ತಿದ್ದವು. ಹೊರಗಿನಿಂದ ಯಾರೇ ಬರಲಿ, ಒಲೆಯ ಮುಂದಿನಿಂದಲೇ ಅವರ ವಿಚಾರಣೆ ಶುರು: “ಬೀದೀಲಿ ಯಾರ್ ಸಿಕ್ಕಿದ್ರಪ್ಪ? ಬಳೆಯೋಳು ಬಂದಿದ್ಲಾ? ಸಂತೆ ಗಾಡಿಗಳು ಓದ್ವಾ?” ಒಂದು ಸಲ ಹೀಗೆ ಕೇಳಿದವರು ತಮಗೇ ಹೇಳಿಕೊಂಡ ಹಾಗೆ, “ಒಲೆ ತಾವ ಒಂದು ಬೀದಿ ಕಿಟಕಿ ಇದ್ದಿದ್ರೆ ನಾನ್ಯಾಕೆ ಎಲ್ಲಾರ್ನೂ ಕೇಳ್ತಿದ್ದೆ” ಅಂದರು. ಮಾವ ಅಲ್ಲೇ ಊಟಕ್ಕೆ ಕೂತಿದ್ದರು. ಮಜ್ಜಿಗೆ ಕೇಳಿದರು.

ಅಣ್ಣತಮ್ಮಂದಿರ ಭಾಗವಾಗಿ ಮಾವನ ಪಾಲಿಗೆ ಖಾಲಿ ನಿವೇಶನ ಬಂತು. ಮಾರನೆಯ ದಿನವೇ ಮಾವ ಘೋಷಿಸಿದರು: ಹೊಸ ಮನೆಯಲ್ಲಿ ಅಡಿಗೆಮನೆ ಮುಂದುಗಡೆ, ಬೀದಿಗೆ ಕಿಟಕಿ ಇಟ್ಟು!

ಬೇರೆ ಕಡೆಯ ಓದುಗರಿಗೆ ಇದೇನು ಮಹಾ ಅನ್ನಿಸಬಹುದು. ನಮ್ಮ ಕಡೆಯ ಮನೆಗಳಲ್ಲಿ ಬೇಯುವ ಅನ್ನದ ಮೇಲೆ ಹೊರಗಿನವರ ಕಣ್ಣು ಬೀಳಬಾರದು. ಅದಕ್ಕೇ ಒಲೆ ಹಿಂದೆ, ಜಗಲಿ ಮುಂದೆ. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಮಾವ ಒಂದೊಂದು ಕಾರಣ ಕೊಟ್ಟರು. ಅಂಗಡಿಯವರಿಗೆ: “ಕಳ್ಳ ಬರಾದು ಮುಂದ್ಗಡೆಯಿಂದ. ಅಲ್ಲಿ ಸೌಟು ಇಡ್ಕಂಡು ನಮ್ಮನೆಯವ್ಳು ನಿಂತಿದ್ರೆ ಯಾವನ್ ಬತ್ತಾನೆ?” ಶಾಸ್ತ್ರಿಗಳಿಗೆ: “ಬೀದಿ ಪೂರ್ವಕ್ಕೈತೆ. ನಿಮ್ಮ ಅಗ್ನಿಮೂಲೆ ಮುಂದಕ್ಕೇ ಬಂದ್ರೆ ನಾನೇನ್ ಮಾಡ್ಲಿ ಸ್ವಾಮಿ?” ಹೆಂಡತಿ ಕೇಳಿದ್ದಳು ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಪೇಟೆಯಲ್ಲಿ ಕಟ್ಟಡ ಕಟ್ಟಲು ಮುನಿಸಿಪಾಲಿಟಿಯ ಲೈಸೆನ್ಸ್ ಬೇಕು. ಅದಕ್ಕೆ ಅರ್ಜಿ, ಅರ್ಜಿಯೊಂದಿಗೆ ಪ್ಲಾನು. ನಾನು ಆಗ ಹಾಸನದಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದೆ. ಅಕ್ಷರ ದುಂಡಗಿತ್ತು. ಮಾವ ನನ್ನನ್ನು ಕರೆಸಿಕೊಂಡರು.

“ನಿವೇಶನದ ಚಕ್ಕುಬಂದಿ ಹೇಳಿ ಮಾವ. ನಾಲ್ಕು ದಿಕ್ಕಿಗೂ ಏನೇನಿದೆ?”

“ಬರ್ಕೋ. ಪೂರ್ವಕ್ಕೆ ಬೀದಿ. ಉತ್ತರಕ್ಕೆ ಎಣ್ಣೆ ಅಂಗ್ಡಿ. ದಕ್ಸಿಣಕ್ಕೆ ಓಣಿ. ಪಶ್ಚಿಮಕ್ಕೆ ನಮ್ಮಣ್ಣನ ಹಿತ್ಲು, ಅದರಾಚೆಗೆ ಅವನ ಹೊಟ್ಟೆಕಿಚ್ಚು.”

“ಹೊಟ್ಟೆಕಿಚ್ಚು ಬರೆಯೋ ಹಾಗಿಲ್ಲ ಮಾವ.”

“ಯಾಕ್ಲಾ? ಐತಲ್ಲ!”

ಪ್ಲಾನಿನ ಮಾತು ಬಂದಾಗ ನಿಜವಾದ ತೊಡಕು ಶುರುವಾಯಿತು. ಹಾಸನದಲ್ಲಿ ನಕ್ಷೆ ಬರೆಯುವವರಿದ್ದಾರೆ, ಬರೆಸೋಣ ಎಂದೆ. ಮಾವ ನನ್ನನ್ನು ಕನಿಕರದಿಂದ ನೋಡಿದರು. “ಕಾಗದದ ಮನೇಲಿ ಯಾರ್ಲಾ ಇರ್ತಾರೆ? ಮೊದ್ಲು ಇದ್ದು ನೋಡಬೇಕು. ಸರಿಯಾಗೈತೆ ಅನ್ನಿಸಿದ್ಮೇಲೆ ಕಾಗದಕ್ಕೆ ಇಳಿಸಾದು.”

ಹಾಗೆ ನಿವೇಶನದ ಮೇಲೆ ಸುಣ್ಣದ ಪುಡಿಯಲ್ಲಿ ಮನೆ ಎದ್ದಿತು. ಎದ್ದಿತು ಅನ್ನುವುದು ತಪ್ಪು, ಮಲಗಿತು. ನಿಜವಾದ ಅಳತೆಯ ಜಗಲಿ, ಪಡಸಾಲೆ, ದೇವರಮನೆ, ಬಚ್ಚಲು. ಮುಂದಿನ ಮೂಲೆಯಲ್ಲಿ ಅಡಿಗೆಮನೆ, ಬೀದಿಯ ಕಡೆ ಗೆರೆ ಬಿಟ್ಟು ಕಿಟಕಿ. ಗೃಹಪ್ರವೇಶದ ಮರುದಿನದಿಂದ ಹಗಲೆಲ್ಲ ಮಾವ, ಅತ್ತೆಯದು ಅಲ್ಲೇ ಬಿಡಾರ. ಮೂರು ಕಲ್ಲಿನ ಒಲೆ, ಬಿಸಿಲಿಗೆ ಒಂದು ಚಪ್ಪರ.

ಕಾನೂನು ಬಿಗಿಯಾಗಿತ್ತು. ಗೆರೆ ದಾಟುವಂತಿಲ್ಲ, ಗೋಡೆ! ಬಾಗಿಲಿನಿಂದಲೇ ಬರಬೇಕು. ಇಲ್ಲದ ಬಾಗಿಲನ್ನು ತಟ್ಟುವುದು ಹೇಗೆ? ಅದಕ್ಕೂ ಮಾವ ದಾರಿ ಮಾಡಿದ್ದರು. ಹೊಸಿಲ ಗೆರೆಯ ಮುಂದೆ ನಿಂತು ಗಟ್ಟಿಯಾಗಿ ತಮ್ಮ ಹೆಸರು, ಎಲ್ಲಿಗೆ ಹೊರಟಿದ್ದು, ಎರಡನ್ನೂ ಹೇಳಬೇಕು. “ಅಕ್ಕೋ, ನಾನು ಕಣಕ್ಕೋ, ಬಳೆಯೋಳು, ಹಳೇಕೋಟೆಗೆ ಓಯ್ತಾ ಇವ್ನಿ” ಎಂದರೆ ಒಳಗಿನಿಂದ ಅತ್ತೆ ನಗುತ್ತಾ “ಬಾರೇ” ಅನ್ನುವರು. ಬೀದಿಯವರಿಗೆ ಇದು ಆಟವಾಗಿಬಿಟ್ಟಿತು. ಕೆಲಸವಿಲ್ಲದವರೂ ಕೂಗಿ ಹೋಗುತ್ತಿದ್ದರು. ಅತ್ತೆ ರೊಟ್ಟಿ ತಟ್ಟುತ್ತಾ ತಲೆಯೆತ್ತಿ ನೋಡುವರು, ಮಾತಾಡಿಸುವರು. ಅವರ ನಗು ಅಷ್ಟು ದೊಡ್ಡದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ದಿನ ದೊಡ್ಡಮಾವ, ಎಂದರೆ ಮಾವನ ಅಣ್ಣ, ಹಿತ್ತಿಲ ಕಡೆಯಿಂದ ಬಂದರು. ಹಿಂಗೋಡೆಯ ಗೆರೆಯಾಚೆ ನಿಂತು ಬೈಯಲು ಶುರು ಮಾಡಿದರು. “ಬೀದಿ ಜನಕ್ಕೆಲ್ಲ ಒಲೆ ತೋರಿಸ್ತೀಯೇನ್ಲಾ? ಮನೆತನದ ಮಾನ ಏನಾಯ್ತದೆ?”

ಮಾವ ತಿರುಗಲೇ ಇಲ್ಲ.

“ನಿಂಗೇ ಕಣ್ಲಾ ಹೇಳ್ತಿರಾದು!”

“ಗೋಡೆ ಐತಲ್ಲಣ್ಣ” ಅಂದರು ಮಾವ, “ಏನೂ ಕೇಳ್ತಾ ಇಲ್ಲ.”

ದೊಡ್ಡಮಾವ ಓಣಿ ಸುತ್ತಿಕೊಂಡು, ಬೀದಿಗೆ ಬಂದು, ಬಾಗಿಲಿನ ಮುಂದೆ ಹೆಸರು ಹೇಳಿ ಒಳಗೆ ಬರುವಷ್ಟರಲ್ಲಿ ಕೋಪ ಅರ್ಧ ಇಳಿದಿತ್ತು. ಉಳಿದದ್ದು ಅತ್ತೆ ಕೊಟ್ಟ ಬಿಸಿ ರೊಟ್ಟಿಯೊಂದಿಗೆ ಇಳಿಯಿತು.

ಸುಣ್ಣದ ಮನೆಯನ್ನು ಕಾಗದಕ್ಕೆ ಇಳಿಸಿ ಅರ್ಜಿ ಕೊಟ್ಟಾಯಿತು. ಮುನಿಸಿಪಾಲಿಟಿಯಿಂದ ಸ್ಥಳ ತನಿಖೆಗೆ ಓವರ್‌ಸಿಯರ್ ಬಂದರು. ಮೈಸೂರಿನ ಕಡೆಯವರು, ಗಂಭೀರ ಮುಖ, ಕೈಯಲ್ಲಿ ಟೇಪು, ಕಾಲಲ್ಲಿ ಬೂಟು. ಓಣಿಯಿಂದ ನೇರವಾಗಿ ನಿವೇಶನದೊಳಗೆ ಕಾಲಿಟ್ಟರು.

“ಸಾ! ಸಾ! ದ್ಯಾವ್ರಮನೆಯೊಳಕ್ಕೆ ಬೂಟ್ ಆಕ್ಕಂಡು ಬಂದ್ಬುಟ್ರಲ್ಲ!”

ಓವರ್‌ಸಿಯರ್ ಕೆಂಡ ತುಳಿದವರಂತೆ ಪಕ್ಕಕ್ಕೆ ಹಾರಿದರು.

“ಅಲ್ ಬ್ಯಾಡಿ ಸಾ, ಅದು ಬಚ್ಚಲು!”

ಪಾಪ, ಸರ್ಕಾರಿ ಮನುಷ್ಯ ಎಷ್ಟೆಂದು ಹಾರಿಯಾರು? ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಹೊರಗೆ ಹೋಗಿ, ಬಾಗಿಲಿಗೆ ಬಂದು, “ನಾನು ಓವರ್‌ಸಿಯರ್. ಅಳತೆಗೆ ಬಂದಿದ್ದೀನಿ” ಅಂದರು. “ಬನ್ನಿ ಸಾ, ಬನ್ನಿ. ತಲೆ ಜ್ವಾಪಾನ” ಅಂದರು ಮಾವ. ಓವರ್‌ಸಿಯರ್ ಬಗ್ಗಿದರು!

ಅಳತೆ ಸರಿಹೋಯಿತು. ಆದರೆ ಅಡಿಗೆಮನೆ ನೋಡಿ ಅವರು ತಲೆಯಾಡಿಸಿದರು. “ಹೊಗೆಯೆಲ್ಲ ಬೀದಿಗೆ ಬರುತ್ತೆ. ಹೋಗಿ ಬರೋ ಜನಕ್ಕೆ ತೊಂದರೆ. ಇದನ್ನ ಹಿಂದಕ್ಕೆ ಹಾಕಿಕೊಳ್ಳಿ, ಲೈಸೆನ್ಸ್ ಕೊಡಿಸ್ತೀನಿ.”

“ಬರಾಕಿಲ್ಲ ಸಾ. ಪರೀಕ್ಷೆ ಮಾಡೇ ಬುಡಾನ!” ಮಾವ ಓವರ್‌ಸಿಯರನ್ನು ಕಿಟಕಿಯ ಎದುರಿಗೆ, ಬೀದಿಯಲ್ಲಿ, ಒಂದು ಪೆಟ್ಟಿಗೆಯ ಮೇಲೆ ಕೂರಿಸಿದರು. ಒಲೆಗೆ ಬೇಕೆಂದೇ ಹಸಿ ಸೌದೆ ಇಟ್ಟರು. ಅಷ್ಟು ಹೊತ್ತು ಸುಮ್ಮನಿದ್ದ ಗಾಳಿ ಹೊಳೆಯ ಕಡೆಯಿಂದ ಎದ್ದು, ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಓವರ್‌ಸಿಯರ್ ಮುಖಕ್ಕೆ ಒಯ್ದು ಕೊಟ್ಟಿತು.

“ಗೋಡೆ ಇದ್ದಿದ್ರೆ ಇಂಗಾಗ್ತಿರ್ಲಿಲ್ಲ ಸಾ!” ಎಂದು ಮಾವ ಕೂಗಿದರು.

ಓವರ್‌ಸಿಯರ್ ಕೆಮ್ಮುತ್ತಾ ಹೇಳಿದರು: “ಗೋಡೆ ಇದೆಯಲ್ಲಾ ರೀ! ಈಗ ತಾನೆ ಸುತ್ತಿಕೊಂಡು ಬಂದೆ!”

ಮಾವ ಒಲೆಯಿಂದ ಹಸಿ ಸೌದೆಯನ್ನು ಹೊರಗೆಳೆದರು. ಸುಣ್ಣದ ಗೆರೆಯ ನಡುವೆ ನಿಂತು ನೆಲ ನೋಡುತ್ತಿದ್ದರು. ಆಗ ಅತ್ತೆ ಕಿಟಕಿಯಿಂದ ಒಂದು ಚೊಂಬು ನೀರನ್ನು ಹೊರಕ್ಕೆ ಚಾಚಿದರು.

“ಕಣ್ಣಿಗೆ ಆಕ್ಕಳಿ ಸಾ. ಉರೀತದೆ, ನಂಗ್ ಗೊತ್ತು.”

ಓವರ್‌ಸಿಯರ್ ಮುಖ ತೊಳೆದುಕೊಂಡರು. “ತಾಯಿ, ಎಲ್ಲರ ಹಾಗೆ ಹಿಂದಕ್ಕೆ ಹಾಕಿಕೊಂಡರೆ ಏನು ನಷ್ಟ?”

“ಮದುವೆ ಆಗಿ ಬಂದಾಗ್ಲಿಂದ ಗೋಡೆ ನೋಡ್ಕಂಡು ಬೇಯಿಸಿದೀನಿ ಸಾ. ಕಣ್ಣು ಇರಾಗಂಟ ಜನ ಕಾಣ್ಲಿ ಅಂತ.” ಅತ್ತೆ ಮಾವನ ಕಡೆ ಕೈ ತೋರಿಸಿದರು. “ಇವರು ಯಾರ್ಗೂ ಹೇಳಾಕಿಲ್ಲ. ಕಳ್ಳ ಗಿಳ್ಳ ಅಂತವ್ರೆ.”

ಓವರ್‌ಸಿಯರ್ ಅತ್ತೆಯ ಕಣ್ಣುಗಳನ್ನು ನೋಡಿದರು. ತಮ್ಮ ಕಣ್ಣು ಒರೆಸಿಕೊಂಡರು, ಹೊಗೆ ಇನ್ನೂ ಇತ್ತು. ನನ್ನ ಕಡೆ ತಿರುಗಿ, “ಬರೆದುಕೊಳ್ಳಿ” ಎಂದರು. “ಹೊಗೆಗೂಡು ಸೂರಿನಿಂದ ಮೇಲಕ್ಕೆ ಹೋಗತಕ್ಕದ್ದು. ಹಾಗಿದ್ದರೆ ಕಿಟಕಿಗೆ ಆಕ್ಷೇಪಣೆ ಇಲ್ಲ.” ಅರ್ಜಿ ತಿದ್ದಿ ಬರೆದೆ. ಲೈಸೆನ್ಸ್ ಬಂತು.

ಮನೆ ಬರಲಿಲ್ಲ. ಕೈಯಲ್ಲಿದ್ದ ಹಣ ಅಂಗಡಿಗೆ ಹೋಗಿತ್ತು, ಮುಂದಿನ ವರ್ಷ ಕಟ್ಟೋಣ ಎಂದರು. ಮುಂದಿನ ವರ್ಷ ಯುದ್ಧ ಬಂತು. ಕಬ್ಬಿಣ ಸಿಗಲಿಲ್ಲ, ಸಿಮೆಂಟು ಸಿಗಲಿಲ್ಲ, ಹಿತ್ತಾಳೆ ತಗಡೂ ಸಿಗದೆ ಅಂಗಡಿಯೇ ಅರ್ಧ ಖಾಲಿಯಾಯಿತು. ಲೈಸೆನ್ಸಿನ ಅವಧಿ ತೀರಿತು. ನಾನು ಹೊಸ ಅರ್ಜಿ ಬರೆದೆ. ಅದೂ ತೀರಿತು. ಮಳೆ ಬಂದು ಮನೆ ಅಳಿಸಿ ಹೋಗುತ್ತಿತ್ತು. ಮಳೆ ನಿಂತ ಮೇಲೆ ಮಾವ ಸುಣ್ಣದ ಬುಟ್ಟಿ ಹಿಡಿದು ಮತ್ತೆ ಎಳೆಯುತ್ತಿದ್ದರು, ಕಿಟಕಿಯ ಜಾಗ ಬಿಟ್ಟು. ಅತ್ತೆ ಹಳೆಯ ಮನೆಯ ಕತ್ತಲಿನಲ್ಲಿ ಬೇಯಿಸುತ್ತಲೇ ಇದ್ದರು. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಅವರ ಕಣ್ಣು ತೋರಿಸಿದಾಗ, ಮೊದಲೇ ಕರೆದುಕೊಂಡು ಬರಬೇಕಿತ್ತು ಅಂದರು ಡಾಕ್ಟರು.

1946ರಲ್ಲಿ ಮನೆ ಮುಗಿಯಿತು. ಎರಡನೆಯ ಗೃಹಪ್ರವೇಶ. ಅಡಿಗೆಮನೆ ಮುಂದುಗಡೆ, ಕಿಟಕಿ ಬೀದಿಗೆ, ಹೊಗೆಗೂಡು ಸೂರಿನ ಮೇಲೆ. ಅಷ್ಟರಲ್ಲಿ ಅತ್ತೆಗೆ ಬೆಳಕು, ಕತ್ತಲೆ ತಿಳಿಯುತ್ತಿತ್ತೇ ಹೊರತು ಮುಖ ತಿಳಿಯುತ್ತಿರಲಿಲ್ಲ. ಹಾಲು ಉಕ್ಕಿದ ಮೇಲೆ ಅವರು ಕಿಟಕಿಯ ಸರಳು ಹಿಡಿದು ನಿಂತು ಕೇಳಿದರು: “ಯಾರ್ ಓಯ್ತಾವ್ರೆ?”

ಮಾವ ಹೊರಗೆ ಕಿಟಕಿಯ ಕೆಳಗಿನ ಜಗಲಿಯಲ್ಲಿ ಕೂತರು. ಆವತ್ತಿನಿಂದ ಅಂಗಡಿಗೆ ಹೋಗುವ ಮುಂಚೆ, ಅಂಗಡಿಯಿಂದ ಬಂದ ಮೇಲೆ, ಅವರ ಜಾಗ ಅದೇ.

“ಬಳೆಯೋಳು. ಸೀರೆ ಹೊಸದು.”

“ಯಾವ್ ಬಣ್ಣ?”

“ಬದನೆಕಾಯಿ.”

“ಆಮೇಲೆ?”

ಬೀದಿಯಲ್ಲಿ ಹೇಳುವಂಥದ್ದೇನೂ ಇಲ್ಲದಿದ್ದಾಗಲೂ ಮಾವ ಸುಮ್ಮನಿರುತ್ತಿರಲಿಲ್ಲ. ಮಡಿವಾಳಪ್ಪ ಬಟ್ಟೆಗಂಟು ಹೇರಿದ ಕತ್ತೆಯೊಂದಿಗೆ ಹೊಳೆಗೆ ಹೋಗುತ್ತಿದ್ದರೆ, “ಅಮಲ್ದಾರ್ರು ಕುದ್ರೆ ಮ್ಯಾಲೆ ಬತ್ತಾವ್ರೆ!” ಎಂದು ಸಾರುವರು.

“ಕತ್ತೆ ನಡೆಯಾ ಸದ್ದು ನಂಗ್ ಗೊತ್ತಾಗಲ್ವಾ?” ಎಂದು ಅತ್ತೆ ಒಳಗಿನಿಂದ ನಗುವರು.

1948ರಲ್ಲಿ ಮಾವ ತೀರಿಕೊಂಡರು. ಮಗಳು, ಅಳಿಯ ಚನ್ನರಾಯಪಟ್ಟಣದಿಂದ ಬಂದು ಅತ್ತೆಯ ಜೊತೆಗಿದ್ದಾರೆ. ಗೊರಕೆಯಲ್ಲಿ ಪಾಸಾದ ಆ ಅಳಿಯನೇ ಈಗ ಪಾತ್ರೆ ಅಂಗಡಿ ನೋಡಿಕೊಳ್ಳುತ್ತಿದ್ದಾನೆ.

ಕಳೆದ ಸಲ, 1949ರ ಮಾಘದಲ್ಲಿ, ನಾನು ಹೋದಾಗ ಅತ್ತೆ ಕಿಟಕಿಯ ಬಳಿ ಅವರೆಕಾಯಿ ಸುಲಿಯುತ್ತಿದ್ದರು. ಜಗಲಿ ಖಾಲಿಯಿತ್ತು. ನಾನು ಅಲ್ಲಿ ಕೂರಲು ಹೋದೆ. ಅಷ್ಟರಲ್ಲಿ ಬೀದಿಯಿಂದ ಒಬ್ಬಳು, “ಅಕ್ಕೋ, ನಾನು ಕಣಕ್ಕೋ, ಬಳೆಯೋಳು, ಹಳೇಕೋಟೆಗೆ ಓಯ್ತಾ ಇವ್ನಿ” ಎಂದು ಕೂಗಿ ಹೋದಳು. ಅವಳ ಹಿಂದೆ ಎಣ್ಣೆ ಅಂಗಡಿಯವನು ತನ್ನ ಹೆಸರು, ಹೋಗುವ ಊರು ಹೇಳಿ ಹೋದ. ಗಾಡಿಯವನು ಎತ್ತುಗಳ ಹೆಸರನ್ನೂ ಸೇರಿಸಿ ಹೇಳಿದ. ಹಳೆಯ ಸುಣ್ಣದ ಮನೆಯ ಕಾನೂನನ್ನು ಬೀದಿ ಮರೆತಿರಲಿಲ್ಲ.

ಕೊನೆಗೆ ಮಡಿವಾಳಪ್ಪ ಕತ್ತೆಯೊಂದಿಗೆ ಬಂದ. ಕಿಟಕಿಯ ನೇರಕ್ಕೆ ನಿಂತು ಗಂಟಲು ಸರಿಮಾಡಿಕೊಂಡ.

“ಅಕ್ಕೋ, ಅಮಲ್ದಾರ್ರು ಕುದ್ರೆ ಮ್ಯಾಲೆ ಓಯ್ತಾವ್ರೆ!”

“ನೋಡ್ದೆ ಬುಡಪ್ಪ” ಅಂದರು ಅತ್ತೆ.