ಬೆನ್ನ ಹಿಂದಿನ ಮುಖ

ನೆನಪಿನ ಶಕ್ತಿ ಚೆನ್ನಾಗಿದೆ ಎಂದು ಹೇಳಿಕೊಂಡು ತಿರುಗುವವರಿಗೆ ಒಂದು ಅನುಕೂಲವಿದೆ. ಯಾರೂ ಪರೀಕ್ಷೆ ಮಾಡಲು ಬರುವುದಿಲ್ಲ. ಆ ಧೈರ್ಯದ ಮೇಲೆ ನಾನು ರಾಯದುರ್ಗದ ಚಹಾದಂಗಡಿಗಳಲ್ಲಿ ಬಹಳ ವರ್ಷ ಜಂಬ ಕೊಚ್ಚಿದ್ದೇನೆ. ಜೀನ್ಸ್ ಹೊಲಿಯುವ ಷೆಡ್ಡನ್ನು ಯಾವ ಬೀದಿಯಲ್ಲಿ ಮೊದಲು ಯಾರು ಹಾಕಿದರು, ಯಾವ ಮೇಸ್ತ್ರಿಗೆ ಯಾವ ಕಿವಿ ಮಂದ, ಎಲ್ಲ ನನ್ನನ್ನೇ ಕೇಳಬೇಕು. ಕೇಳದಿದ್ದರೂ ಹೇಳುತ್ತಿದ್ದೆ. ಕೊನೆಗೆ ಪರೀಕ್ಷೆ ಮಾಡಲು ಬಂದವಳು ಬಳ್ಳಾರಿಯಲ್ಲಿರುವ ನನ್ನ ತಂಗಿಯ ಮಗಳು ಶಾಂಭವಿ.

ಅವಳ ಕೆಲಸ ಕಂಪ್ಯೂಟರ್ ಆಟಗಳಿಗೆ ಚಿತ್ರ ಮಾಡುವುದು. ಕಣ್ಣಿಗೆ ಒಂದು ಡಬ್ಬಿ ಕಟ್ಟಿಕೊಂಡರೆ ಆಯಿತು, ಕೂತ ಕೋಣೆ ಮಾಯವಾಗಿ ಅವಳು ಮಾಡಿದ ಊರು ಸುತ್ತಲೂ ಎದ್ದು ನಿಲ್ಲುತ್ತದೆ. ಅವಳ ಹೊಸ ಆಟದಲ್ಲಿ ಮುಂದೆಂದೋ ಬರುವ ಕಾಲದ ನಗರವೊಂದಿದೆ. ಅಲ್ಲಿ ಜನರ ತಲೆಯಿಂದ ನೆನಪುಗಳನ್ನು ಕದ್ದು ಮಾರುತ್ತಾರೆ. ತನ್ನ ಹೆಸರನ್ನೂ ಕಳೆದುಕೊಂಡ ನಾಯಕ ಕಳ್ಳರನ್ನು ಬೆನ್ನಟ್ಟಿ, ಗುಂಡೇಟು ತಪ್ಪಿಸಿಕೊಂಡು, ಕೊನೆಗೆ ತನ್ನ ನೆನಪಿನ ಕೋಣೆಗೆ ನುಗ್ಗುತ್ತಾನೆ. ಅಲ್ಲಿ ಕೂತ ಹೆಂಡತಿಯ ಮುಖ ಗುರುತಿಸಿದರೆ ತಾನು ಯಾರೆಂದು ತಿಳಿಯುತ್ತದೆ. ಇಲ್ಲದಿದ್ದರೆ ಕಥೆ ಮುಗಿಯಿತು. ಆ ಕೋಣೆಗೆ ನಮ್ಮ ಹಳೆಯ ಷೆಡ್ಡನ್ನೂ, ಅದರೊಳಗೆ ಹರೆಯದ ನನ್ನನ್ನೂ ನನ್ನ ಹೆಂಡತಿ ಗಂಗಮ್ಮನನ್ನೂ ಕೂರಿಸುವುದು ಶಾಂಭವಿಯ ಯೋಚನೆ. "ಅತ್ತಿಗೂ ಹೇಳೀನ್ರಿ ಮಾವ. ಮಾವ ಹೇಳಿದಂಗ ನಿಮ್ಮ ಮುಖ ಮಾಡ್ತೀನಿ ಅಂದೆ, ಭಾಳ ಖುಷಿ ಆದ್ರು," ಎಂದಳು.

ಷೆಡ್ಡಿನ ವಿಷಯ ನೀರು ಕುಡಿದಂತೆ ಹೇಳಿದೆ. ತಗಡಿನ ಚಾವಣಿ, ಸಾಲು ಮಿಷನ್ನುಗಳು, ಹುಬ್ಬಿನ ಮೇಲೆಲ್ಲ ಕೂರುವ ನೀಲಿ ಧೂಳು, ತಿಕ್ಕಿದರೂ ಬಣ್ಣ ಹೋಗದ ಕೈಯಲ್ಲಿ ತಿಂದ ಚಿತ್ರಾನ್ನ, "ಕಾನೀಯಂಡಿ, ಕಾನೀಯಂಡಿ" ಎಂದು ತೆಲುಗಿನಲ್ಲಿ ಅವಸರಪಡಿಸುವ ಮೇಸ್ತ್ರಿ, ಮಿಷನ್ನಿನ ಸದ್ದಿಗಿಂತ ಮೇಲೆ ದನಿ ಎತ್ತಿ ಪದ ಹೇಳುವ ಮಡಕಶಿರಾ ಕಡೆಯ ಹೆಂಗಸರು. ಆ ಜಾಗದಲ್ಲೀಗ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ನಿಂತರೆ ನನ್ನ ಬಲಗಾಲು ಈಗಲೂ ಪೆಡಲ್ ಹುಡುಕುತ್ತದೆ. ನನ್ನ ಹರೆಯದ ರೂಪ ಹೇಳುವುದಕ್ಕಂತೂ ಒಂದು ಗಳಿಗೆಯೂ ಹಿಡಿಯಲಿಲ್ಲ.

"ಇನ್ನ ಅತ್ತಿ ಮುಖ ಹೇಳ್ರಿ," ಎಂದಳು ಶಾಂಭವಿ. ಕಣ್ಣು ಮುಚ್ಚಿ ಹುಡುಕಿದೆ. ಹರೆಯದ ಗಂಗಮ್ಮನ ಮುಖ ಎಲ್ಲೂ ಸಿಗಲಿಲ್ಲ.

ಇದರಲ್ಲಿ ನಮ್ಮ ಸಾಲಿನ ತಪ್ಪೂ ಇದೆ. ಷೆಡ್ಡಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದೆವು. ನಾನು ಹಿಂಜೇಬು ಹಚ್ಚಿ, ತಿರುಗಿ ನೋಡದೆ, ಎಡಭುಜದ ಮೇಲಿಂದ ಪ್ಯಾಂಟನ್ನು ಹಿಂದಕ್ಕೆ ಚಾಚುತ್ತಿದ್ದೆ. ಹಿಂದೆ ಕೂತಿದ್ದ ಅಗಳಿ ಊರಿನ ಗಂಗಮ್ಮ ಅದಕ್ಕೆ ಸೊಂಟದ ಪಟ್ಟಿ ಕೂರಿಸಲು ಎಳೆದುಕೊಳ್ಳುತ್ತಿದ್ದಳು. ಜೇಬು ಸೊಟ್ಟಗಿದ್ದರೆ ಕತ್ತರಿಯ ಹಿಡಿಯಿಂದ ಬೆನ್ನಿಗೊಂದು ತಿವಿತ. ತಿರುಗಿದರೆ ಮೇಸ್ತ್ರಿ ಬೈಯುತ್ತಿದ್ದ. ಊಟಕ್ಕೆ ಹೆಂಗಸರು ಬೇರೆ ಕೂರುತ್ತಿದ್ದರು. ನಾನು ಮೆಚ್ಚಿದ್ದು ಆ ತಿವಿತವನ್ನು ಮತ್ತು ಆ ದನಿಯನ್ನು; ಮದುವೆಯಾಗುತ್ತೀಯಾ ಎಂದು ಕೇಳಿದ್ದೂ ಬೆನ್ನು ತಿರುಗಿಸಿಕೊಂಡೇ. ಮದುವೆಯ ಫೋಟೋದಲ್ಲಿ ಬಾಸಿಂಗವಿದೆ, ತಗ್ಗಿಸಿದ ತಲೆಯ ಬೈತಲೆಯಿದೆ, ಮುಖವಿಲ್ಲ. ಆಮೇಲೆ ದಿನವೂ ನೋಡಿದ್ದೇನೆ ನಿಜ, ಆದರೆ ಇವತ್ತಿನ ಮುಖ ನಿನ್ನೆಯದನ್ನು ಒರೆಸುತ್ತಲೇ ಬಂದಿದೆ.

ಇದು ಹೆಂಡತಿಯ ಕಿವಿಗೆ ಬೀಳಲಿ ಎನ್ನುವ ಧೈರ್ಯ ಯಾವ ಗಂಡನಿಗಿದೆ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಗುಂಡು ಮುಖ, ಕೆನ್ನೆಯಲ್ಲಿ ಗುಳಿ, ಹೊಳೆಯುವ ಮೂಗುಬೊಟ್ಟು. ಕೆಲವು ವಾರಗಳ ಮೇಲೆ ಡಬ್ಬಿ ಮನೆಗೆ ಬಂತು. ಗಂಗಮ್ಮ ಕಟ್ಟಿಕೊಂಡು ಕೂತು ಷೆಡ್ಡನ್ನೆಲ್ಲ ನೋಡಿದಳು. ಒಮ್ಮೆ ನಕ್ಕಳು, ಒಮ್ಮೆ ಸೆರಗಿನಿಂದ ಮೂಗೊರೆಸಿಕೊಂಡಳು. ತನ್ನ ಮಿಷನ್ನಿನ ಕಡೆ ತಿರುಗಿದವಳು ಮುಂದಕ್ಕೆ ಬಾಗಿ ನೋಡಿದಳು.

"ಯಾರಿವ್ಳು?"

"ನೀನೇ," ಎಂದೆ.

"ನಂಗೆ ಮೂಗು ಚುಚ್ಚಿಸಿದ್ದು ಲಗ್ನಕ್ಕೆ. ಕೆನ್ನೇಲಿ ಗುಳಿ ಯಾವತ್ತಿತ್ತು? ನಿಜ ಹೇಳಿ, ಯಾರಿವ್ಳು?"

ಆ ವಾರ ಮನೆಯಲ್ಲಿ ಮುದ್ದೆ ಇತ್ತು, ಮಾತಿರಲಿಲ್ಲ. ಲೋಕದಲ್ಲೇ ಇಲ್ಲದ ಹೆಂಗಸೊಬ್ಬಳು ನನ್ನ ಸಂಸಾರದಲ್ಲಿ ಹುಳಿ ಹಿಂಡಿದ್ದಳು. ತಡೆಯಲಾರದೆ ಶಾಂಭವಿಗೆ ಫೋನ್ ಮಾಡಿದೆ. "ಅಕಿನ್ನ ತೆಗಿಯವ್ವ. ನಿಮ್ಮತ್ತಿ ಈಗಿನ ಮುಖಾನ ಹಾಕು. ನನಗ ಗೊತ್ತಿರೋದು ಅದೊಂದ." ಕನ್ನಡಕ, ಕಿವಿಯ ಪಕ್ಕದ ಬಿಳಿಕೂದಲು, ಬೈಯುವ ಮೊದಲು ಮೇಲೇರುವ ಎಡಹುಬ್ಬು, ಒಂದನ್ನೂ ತಡವರಿಸದೆ ಹೇಳಿದೆ.

ಎರಡನೆಯ ಸಲ ಗಂಗಮ್ಮ ಮನಸ್ಸಿಲ್ಲದೆ ಡಬ್ಬಿ ಕಟ್ಟಿಕೊಂಡಳು. ಹರೆಯದ ಟೈಲರುಗಳ ನಡುವೆ ವಯಸ್ಸಾದವಳು ಅವಳೊಬ್ಬಳೇ. ಹಳೆಯ ಮುಖ ಮರೆತಿದ್ದೇನೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿರಲಿಲ್ಲ.

"ಹ್ಞೂಂ, ಇವ್ಳು ನಾನೇ. ಹುಬ್ಬು ಕೂಡ ಬಿಟ್ಟಿಲ್ಲ," ಎಂದಳು. ದನಿ ಮೆತ್ತಗಾಗಿತ್ತು. "ಆವಾಗ ನಾನೇನ್ ನಿಮ್ ಮುಖ ನೋಡಿದ್ನಾ?" ನನ್ನ ಜೀವ ತಣ್ಣಗಾಯಿತು. ಅಷ್ಟರಲ್ಲಿ ಅವಳ ಬೆರಳು ಮುಂದಕ್ಕೆ ಚಾಚಿತು. "ಮುಂದೆ ಕೂತಿರೋ ಈ ಹುಡುಗ ಯಾರು?"

ಅವಳ ಮುಖ ಬದಲಿಸುವ ಅವಸರದಲ್ಲಿ ನನ್ನದನ್ನು ಹೇಳಿದ ಹಾಗೆಯೇ ಬಿಟ್ಟಿದ್ದೆ. ಏರು ಜವ್ವನ, ತಲೆ ತುಂಬ ಗುಂಗುರು ಕೂದಲು.

"ನಾನೇ," ಎಂದೆ.

"ಸುಮ್ನಿರಿ. ನೆತ್ತೀಲಿ ಅಂಗೈಯಗಲ ಬೋಳು ಆವಾಗ್ಲೇ ಇತ್ತು. ನೀವು ಕನ್ನಡೀಲಿ ಮುಂದ್ಗಡೆ ನೋಡ್ಕೊತಿದ್ರಿ. ಹಿಂದ್ಗಡೆ ದಿನಾ ನೋಡ್ದೋಳು ನಾನಲ್ವಾ?"

ಡಬ್ಬಿ ಕಟ್ಟಿಕೊಂಡವಳಿಗೆ ನಾನು ಕಾಣುವುದಿಲ್ಲವೆಂಬ ಧೈರ್ಯದಿಂದ ಮೆಲ್ಲಗೆ ನೆತ್ತಿಯ ಮೇಲೆ ಕೈಯಾಡಿಸಿಕೊಂಡೆ.

"ಅಲ್ಲಲ್ಲ," ಎಂದಳು ಗಂಗಮ್ಮ ಡಬ್ಬಿ ಬಿಚ್ಚದೆಯೇ, "ಇನ್ನೊಂಚೂರು ಹಿಂದಕ್ಕೆ."